ಹಸನ ಮಾಡಿದ ಬೀಜ

ದೊಡ್ಡಕ್ಕನ ಗೋವಿನಜೋಳ ಸತ್ತದ್ದು ಆಕೆಯ ಕೈಗುಣದಿಂದ ಅಲ್ಲ. ನಾವು ಅದನ್ನು ಮಿತಿಮೀರಿ ಹಸನ ಮಾಡಿದ್ದರಿಂದ, ಆರಿಸಿ ಆರಿಸಿ ಚೊಕ್ಕ ಮಾಡಿದ್ದರಿಂದ ಸತ್ತಿತು. ಹಸನ ಮಾಡೋಣ ಅಂತ ಹಟ ಹಿಡಿದವಳು ನಾನು. ಇದೇನು ಮುಚ್ಚಿಟ್ಟ ಮಾತಲ್ಲ. ಆಕೆಗೆ ಹೇಳಿದ್ದೇನೆ, ಚಾಳಿನವರಿಗೆ ಹೇಳಿದ್ದೇನೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಿದ್ದು ನಿಲ್ಲಲಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ಹೋದ ವಾರ ಇಲ್ಲೇ ಗೋವೆಯ ವಾಸ್ಕೋಕ್ಕೆ ಹೋಗಿದ್ದೆ, ಮಂಗೋರ್ ಹಿಲ್‌ಗೆ. ದೊಡ್ಡಕ್ಕನ ಮೊಮ್ಮಗಳ ಕುಬಸ ಇತ್ತು, ಬಸುರಿ ಹುಡುಗಿಗೆ ಉಡಿ ತುಂಬುವ ಕಾರ್ಯಕ್ರಮ. ನಾನಿರುವುದು ಮಡ್ಕಯಿಯಲ್ಲಿ, ಮಗನ ಹತ್ತಿರ. ಅವನು ಅಲ್ಲೇ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಬಸ್ಸು ಬದಲಿಸಿ ಇಳಿದು ಏರು ಹತ್ತುತ್ತಿದ್ದೆ. ಜಿಟಿಜಿಟಿ ಮಳೆ. ತಿರುವಿನಲ್ಲಿ ಒಬ್ಬ ಗಾಡಿಗೆ ತಾಡಪತ್ರಿ ಕಟ್ಟಿಕೊಂಡು ಇದ್ದಿಲ ಮೇಲೆ ತೆನೆ ಸುಡುತ್ತಿದ್ದ. ಕಾಳು ಚಟ್ ಅಂದ ಸದ್ದು, ತೆನೆಯ ಕೂದಲು ಸುಟ್ಟ ವಾಸನೆ... ನಾನು ನಿಂತುಬಿಟ್ಟೆ. ಮೊಣಕಾಲು ನೋವಿಗೆ ನಿಂತಳು ಅಂದುಕೊಂಡು ಹಿಂದಿನಿಂದ ಬರುತ್ತಿದ್ದ ಒಬ್ಬ ಹುಡುಗಿ ರಟ್ಟೆ ಹಿಡಿದಳು. ನೋವೂ ಇತ್ತು, ಸುಳ್ಳಲ್ಲ.

ಒಂದು ತೆನೆ ತಗೊಂಡು ತಿಂದೆ. ಈಗಿನ ಸ್ವೀಟ್ ಕಾರ್ನ್. ಸಕ್ಕರೆ ನೀರಿನಲ್ಲಿ ಅದ್ದಿ ತೆಗೆದ ಹಾಗೆ, ಹಲ್ಲಿಗೆ ಕೆಲಸವೇ ಇಲ್ಲ. ದೊಡ್ಡಕ್ಕನ ತೆನೆ ಹೀಗಿರಲಿಲ್ಲ. ಅಗಿಯಬೇಕಾಗುತ್ತಿತ್ತು. ಅಗಿದಷ್ಟೂ ಹಾಲು ಬಿಡುತ್ತಿತ್ತು.

ನಾವಿಬ್ಬರೂ ಸಾಂಗೆಯಲ್ಲಿ ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ಹತ್ತಿ ಇದ್ದವರು. ಗಂಡಂದಿರು ಮೈನಿಂಗಿನಲ್ಲಿ ದುಡಿಯುತ್ತಿದ್ದರು. ದೊಡ್ಡಕ್ಕ ನನಗೆ ಒಡಹುಟ್ಟಿದವಳಲ್ಲ, ಬಳಗವೂ ಅಲ್ಲ. ಆಕೆ ವಿಜಯಪುರದ ಕಡೆಯವಳು, ನಾನು ಧಾರವಾಡದ ಆಚೆಯ ಹಳ್ಳಿಯವಳು. ವಯಸ್ಸಿನಲ್ಲಿ ಹಿರಿಯಳು, ಅದಕ್ಕೆ ದೊಡ್ಡಕ್ಕ. ನಾನು ನಾಲ್ಕನೇ ಇಯತ್ತೆ ತನಕ ಸಾಲಿಗೆ ಹೋಗಿದ್ದೆ, ಆಕೆ ಅದೂ ಇಲ್ಲ. ಎತ್ತರದ ಆಳು. ಚಾಳಿನ ಬಾಗಿಲಿಗೆ ತಲೆ ತಗ್ಗಿಸಿಯೇ ಒಳಗೆ ಬರಬೇಕು, ಆದರೂ ವಾರಕ್ಕೊಮ್ಮೆ ಹಣೆ ಬಡಿಸಿಕೊಂಡು ಬಾಗಿಲಿಗೇ ಬೈಯುತ್ತಿದ್ದಳು. ಬಾಯಲ್ಲಿ ಸದಾ ತಂಬಾಕು. ಕೊಂಕಣಿ ಮಾತಾಡುತ್ತಿದ್ದಳು, ಆದರೆ ಕೊನೆಗೊಂದು 'ರಿ' ಹಚ್ಚಿ. ಚಾಳಿನ ಹಿಂದಿನ ಗುಡ್ಡದ ಓರೆಯ ಜಾಗ ಭಾಟ್ಕಾರನದು. ಆ ಜಮೀನ್ದಾರನಿಗೆ ಇವಳ ಕೊಂಕಣಿ ಕೇಳಿದರೆ ನಗು ತಡೆಯುತ್ತಿರಲಿಲ್ಲ. ಹಾಗೆ ನಗಿಸಿ ನಗಿಸಿಯೇ ಆ ಜಾಗದಲ್ಲಿ ಏನಾದರೂ ಬೆಳೆದುಕೊ ಎಂಬ ಮಾತು ತಗೊಂಡಿದ್ದಳು.

ಅಲ್ಲಿ ಆಕೆ ಬೆಳೆಯುತ್ತಿದ್ದುದು ತವರಿನ ಗೋವಿನಜೋಳ. ಮದುವೆಯಾಗಿ ಗೋವೆಗೆ ಬರುವಾಗ ತಲೆದಿಂಬಿನ ಅರಳೆ ತೆಗೆದು ಅದರೊಳಗೆ ತೆನೆ ತುಂಬಿಕೊಂಡು ಬಂದಿದ್ದಳಂತೆ. ಲಾರಿಯಲ್ಲಿ ಗಂಡ ಅದರ ಮೇಲೆ ತಲೆಯಿಟ್ಟು, "ನಿಮ್ಮಪ್ಪ ಕಲ್ಲ ತುಂಬಿ ಕಳಿಸ್ಯಾನೇನ?" ಅಂದನಂತೆ. ಆ ತೆನೆಗಳ ಬೀಜ ಮೊದಲ ಮಳೆಗಾಲದಲ್ಲಿ ಬಹಳಷ್ಟು ಕೊಳೆತುಹೋಯಿತು. ಬಯಲುಸೀಮೆಯ ಬೀಜಕ್ಕೆ ಗೋವೆಯ ಮಳೆ ಏನು ಗೊತ್ತು. ಅಲ್ಲೊಂದು ಇಲ್ಲೊಂದು ಗಿಡ ನಿಂತವು. ನಿಂತ ಗಿಡದ ತೆನೆಯನ್ನೇ ಆಕೆ ಒಲೆಯ ಮೇಲಿನ ಹೊಗೆಗೆ ಕಟ್ಟಿಟ್ಟಳು. ಮರುವರ್ಷವೂ ಹಾಗೇ. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋಗುವಷ್ಟರಲ್ಲಿ ಆ ಬೀಜ ಇಲ್ಲಿಯ ಮಳೆ ಕಲಿತಿತ್ತು. ವಾರಗಟ್ಟಲೆ ಹಿಡಿದ ಮಳೆಗೂ ಬಗ್ಗುತ್ತಿರಲಿಲ್ಲ. ಚೌತಿಯ ಹೊತ್ತಿಗೆ ತೆನೆ. ಗೋವೆಯವರು ಗಣಪತಿಯ ಮೇಲೆ ಕಾಯಿ, ಹಣ್ಣು ಕಟ್ಟುವ ಮಾಟೊಳಿಗೆ ಆಕೆಯ ಹತ್ತಿರ ಬಂದು ತೆನೆ ಕೇಳುತ್ತಿದ್ದರು. ಉಳಿದದ್ದನ್ನು ಆಕೆ ಬಸ್ ಸ್ಟ್ಯಾಂಡಿನ ಹತ್ತಿರ ಸುಟ್ಟು ಮಾರುತ್ತಿದ್ದಳು. ಮೈನಿಂಗ್ ನಿಂತು ಗಂಡಸರು ಮನೆಯಲ್ಲಿ ಕುಳಿತ ಮೇಲೆ ಆಕೆಯ ಮನೆ ನಡೆದದ್ದು ಆ ತೆನೆಯ ಮೇಲೆಯೇ.

ಆ ಬೀಜದಲ್ಲಿ ಒಂದೇ ಒಂದು ಊನ ಇತ್ತು. ಬಿತ್ತಿದ ಮೇಲೆ ಹಸಿರು ಮೊಳಕೆಗಳ ನಡುವೆ ಅಲ್ಲಲ್ಲಿ ಬಿಳಿ ಮೊಳಕೆ ಏಳುತ್ತಿದ್ದವು. ಪೂರಾ ಬಿಳಿ, ಸುಣ್ಣದಂತೆ, ಎಲೆಯಲ್ಲಿ ಹಸಿರಿನ ಗೆರೆಯೂ ಇಲ್ಲ. ಚಂದ ಕಾಣುತ್ತಿದ್ದವು. ಕಾಳಿನಲ್ಲಿದ್ದ ಸತ್ವ ತೀರುವ ತನಕ ಬದುಕಿ, ಆಮೇಲೆ ಬಾಡಿ ಮಲಗಿಬಿಡುತ್ತಿದ್ದವು.

ಇದು ಏನು ಅಂತ ನಾನು ಮೊದಲ ಸಲ ಕೇಳಿದಾಗ ದೊಡ್ಡಕ್ಕ ತಂಬಾಕು ಉಗುಳಿ ಹೇಳಿದಳು, "ಅವು ಹೊಲಾ ನೋಡಾಕ ಬಂದಾವ. ಕನ್ಯಾ ನೋಡಾಕ ಬಂದವರು ಉಪ್ಪಿಟ್ಟ ತಿಂದು ಎದ್ದ ಹೋಗೂದಿಲ್ಲೇನ, ಹಂಗ. ಬಿಡು, ಹೋಗ್ತಾವ."

ಆಕೆಗೆ ನಡೆಯುತ್ತಿತ್ತು. ನನಗೆ ನಡೆಯುತ್ತಿರಲಿಲ್ಲ. ಹಸನ ಮಾಡೋದು ನನ್ನ ಕೈಯಲ್ಲಿ ಮೊದಲಿನಿಂದ ಬಂದದ್ದು. ನನ್ನನ್ನು ನೋಡಲು ಬಂದ ಬೀಗರು ಮೊರದಲ್ಲಿ ಜೋಳ ಸುರಿದು ಮುಂದಿಟ್ಟಿದ್ದರು. ನಾನು ಹಸನ ಮಾಡಿಕೊಟ್ಟ ಜೋಳದಲ್ಲಿ ಅತ್ತೆಗೆ ಒಂದು ಹರಳೂ ಸಿಗಲಿಲ್ಲ, ಅದಕ್ಕೇ ಒಪ್ಪಿದರು ಅಂತ ನಮ್ಮವ್ವ ಊರ ತುಂಬ ಹೇಳಿದ್ದಳು. ಆ ಸೊಕ್ಕು ನನಗೆ ಕಡೆತನಕ ಇತ್ತು. ಯಾರ ಮನೆಗೆ ಹೋದರೂ ಅವರ ಅಕ್ಕಿಯ ಮೊರ ಎಳೆದುಕೊಂಡು ಕುಳಿತುಬಿಡುತ್ತಿದ್ದೆ. ಬಿಳಿ ಮೊಳಕೆ ಕಂಡಾಗಲೆಲ್ಲ ಅನ್ನದಲ್ಲಿ ಹರಳು ಕಡಿದ ಹಾಗೆ ಆಗುತ್ತಿತ್ತು.

ಮೈನಿಂಗ್ ನಿಂತ ಮೇಲೆ ನಾನು ಒಂದು ಬೀಜದ ಫಾರ್ಮಿಗೆ ಕೂಲಿಗೆ ಹೋಗತೊಡಗಿದೆ. ಅಲ್ಲಿಯೂ ಗೋವಿನಜೋಳ. ಒಬ್ಬ ಸರ್ ಇದ್ದರು, ನಮ್ಮ ಕಡೆಯವರು, ಕನ್ನಡ ಮಾತಾಡುವವರು. ಗಿಡಗಳಿಗೆ ಕಾಗದದ ಚೀಲ ಕಟ್ಟುವ ಕೆಲಸ ನಮ್ಮದು. ಯಾಕೆ ಅಂತ ಕೇಳಿದ್ದಕ್ಕೆ ಸರ್ ಕಟ್ಟೆಯ ಮೇಲೆ ಕುಳಿತು ಬಿಡಿಸಿ ಹೇಳಿದರು. ಬಿಳಿಯ ಗುಣ ಹಸಿರು ಗಿಡದೊಳಗೆ ಅಡಗಿ ಕುಳಿತಿರುತ್ತದಂತೆ. ತಂದೆಯ ಕಡೆಯಿಂದಾಗಲಿ ತಾಯಿಯ ಕಡೆಯಿಂದಾಗಲಿ ಒಂದೇ ಕಡೆಯಿಂದ ಬಂದರೆ ಗಿಡಕ್ಕೆ ಏನೂ ಆಗುವುದಿಲ್ಲ, ಹಸಿರಾಗೇ ಇರುತ್ತದೆ. ಎರಡೂ ಕಡೆಯಿಂದ ಬಂದು ಕೂಡಿದರೆ ಮಾತ್ರ ಮೊಳಕೆ ಬಿಳಿ. ಹಾಗಾಗಿ ಬಿಳಿ ಮೊಳಕೆ ಕಿತ್ತು ಒಗೆದರೆ ಏನೂ ಮಾಡಿದಂತಾಗಲಿಲ್ಲ. ಅದನ್ನು ಒಳಗಿಟ್ಟುಕೊಂಡ ಹಸಿರು ಗಿಡ ಯಾವುದು ಅಂತ ಹಿಡಿಯಬೇಕು.

ಹಿಡಿಯುವ ದಾರಿ ಹೀಗೆ. ಗಿಡದ ತಲೆಯ ಸೂಲಂಗಿಗೆ, ಅಂದರೆ ಹುಡಿ ಉದುರಿಸುವ ಗಂಡು ಹೂವಿಗೆ, ಒಂದು ಚೀಲ, ಎಳೆ ತೆನೆಗೆ ಕೂದಲು ಬರುವ ಮೊದಲೇ ಇನ್ನೊಂದು ಚೀಲ. ಅದೇ ಗಿಡದ ಹುಡಿಯನ್ನು ಅದೇ ಗಿಡದ ಕೂದಲಿಗೆ ಸುರಿದು ಮತ್ತೆ ಮುಚ್ಚಬೇಕು. ಬೇರೆ ಯಾವ ಗಿಡದ ಹುಡಿಯೂ ತಾಗಬಾರದು. ತೆನೆ ಬಲಿತ ಮೇಲೆ ಪ್ರತಿ ತೆನೆಯಿಂದ ಸ್ವಲ್ಪ ಕಾಳು ಬಿಡಿಸಿ ಬೇರೆ ಬೇರೆ ಮಣ್ಣಿನಲ್ಲಿ ಹಾಕಬೇಕು. ಯಾವ ತೆನೆಯ ಕಾಳು ಬಿಳಿ ಮೊಳಕೆ ಕೊಟ್ಟವೋ ಆ ತೆನೆ ಹೊರಗೆ. ಎಲ್ಲ ಹಸಿರು ಬಂದರೆ ಆ ತೆನೆಯ ಉಳಿದ ಕಾಳು ಬೀಜಕ್ಕೆ.

ಅವರು ಹೇಳಿ ಮುಗಿಸುವ ಮೊದಲೇ ನನ್ನ ತಲೆಯಲ್ಲಿ ದೊಡ್ಡಕ್ಕನ ಹೊಲ ಬಂದಿತ್ತು. ಇದು ಮೊರದ ಕೆಲಸವೇ ಅಲ್ಲವೇ, ಹರಳು ಒಳಗಿದೆ ಅಷ್ಟೆ. ಸರ್ ಹತ್ತಿರ ಬಳಸಿ ಉಳಿದ ಚೀಲ ಕೇಳಿದೆ. "ಏನ್ ಮಾಡ್ತೀರಿ ಅಕ್ಕಾರ?" ಅಂದರು. "ನಮ್ಮಕ್ಕನ ಹೊಲದಾಗ ಹಿಂಗ ಹಸನ ಮಾಡ್ತೇನ್ರಿ" ಅಂದೆ. ನಕ್ಕು ಒಂದು ಕಟ್ಟು ಕೊಟ್ಟರು.

ದೊಡ್ಡಕ್ಕ ಒಪ್ಪಲಿಲ್ಲ. "ತಾವಾಗೇ ಸಾಯ್ತಾವಲ್ಲ, ಅವಕ್ಕ್ಯಾಕ ಇಷ್ಟ ರಾಮಾಯಣಾ?" ಅಂದಳು. ನಾನು ಬಿಡಲಿಲ್ಲ. ವರ್ಷದಿಂದ ವರ್ಷಕ್ಕೆ ಬಿಳಿ ಹೆಚ್ಚಾಗುತ್ತಿದ್ದುದು ಆಕೆಗೂ ಕಾಣುತ್ತಿತ್ತು, ಅದನ್ನೇ ಹಿಡಿದು ಕೂತೆ. ಒಂದು ದಿನ ಇಡೀ ಹೊಲ ಬಿಳಿ ಎದ್ದರೆ ಏನು ಸುಡುತ್ತಿ ಅಂತ ಹೆದರಿಸಿದೆ. ಹಾಗೆ ಆಗುವುದಿಲ್ಲ ಅಂತ ನನಗೇ ಗೊತ್ತಿರಲಿಲ್ಲ. ಕೊನೆಗೆ ಸೋತು ಹೇಳಿದಳು, "ನಿನ್ನ ಅಕ್ಕ್ಯಾಗ ಇವತ್ತಿನ ತನಕಾ ಒಂದ ಹರಳ ಸಿಕ್ಕಿಲ್ಲ ನನಗ. ಆತು, ಮಾಡು."

ಆ ಮಳೆಗಾಲ ನಾವಿಬ್ಬರೂ ಚೀಲ ಕಟ್ಟಿದೆವು. ಚಾಳಿನ ಹೆಂಗಸರು ಹಿತ್ತಲಲ್ಲಿ ನಿಂತು, "ನೋಡ್ರೆ, ತೆನಿಗೆ ಕೂಸಿನ ಕುಂಚಗಿ ಕಟ್ಯಾರ, ಥಂಡಿ ಆಗ್ತೈತಂತ" ಅಂತ ನಗುತ್ತಿದ್ದರು. ದೊಡ್ಡಕ್ಕ ಸುಮ್ಮನಿರುವವಳೇ? "ನಿಮ್ಮ ಗಂಡಂದಿರಿಗೂ ಒಂದೊಂದ ಉಳದಾವ, ಒಯ್ರಿ" ಅಂದಳು. ಚಂದ ನಗುತ್ತಿದ್ದಳು ಆಗ... ಎತ್ತರದವಳಾದ್ದರಿಂದ ಸೂಲಂಗಿಯ ಚೀಲವೆಲ್ಲ ಆಕೆಯದು, ತೆನೆಯ ಚೀಲ ನನ್ನದು.

ಆದರೆ ಮಳೆ ಬಿಡಲಿಲ್ಲ. ಚೀಲ ನೆನೆದು ಹರಿದವು, ಹುಡಿ ಮುದ್ದೆಯಾಯಿತು. ಕಟ್ಟಿದ ಗಿಡಗಳಲ್ಲಿ ಬಹಳಷ್ಟು ಕಾಳು ಹಿಡಿಯಲೇ ಇಲ್ಲ. ಮಳೆ ಬಿಡುವು ಕೊಟ್ಟ ದಿನ ಮಾಡಿದವು ಮಾತ್ರ ಉಳಿದವು. ಚೀಲ ಕಟ್ಟದ ಗಿಡಗಳ ತೆನೆಯನ್ನು ಎಂದಿನಂತೆ ಹಸಿಯಿರುವಾಗಲೇ ಸುಟ್ಟು ಮಾರಿದಳು. ಅದರಲ್ಲಿ ನಾಲ್ಕು ತೆನೆ ಬೀಜಕ್ಕೆ ಇಟ್ಟುಕೊಳ್ಳುತ್ತೇನೆ ಅಂದಳು. ನಾನು ಬೇಡ ಅಂದೆ. ಹಸನ ಆದದ್ದರ ಜೊತೆ ಹಸನ ಆಗದ್ದು ಒಂದೇ ಮನೆಯಲ್ಲಿ ಇರಬಾರದು ಅಂದೆ. ನನ್ನ ಮಾತೇ ಅದು, ಬೇರೆ ಯಾರದೂ ಅಲ್ಲ.

ತೆನೆ ಒಣಗಿದ ಮೇಲೆ ಎಣ್ಣೆ ಡಬ್ಬಿ ಕತ್ತರಿಸಿ ಮಣ್ಣು ತುಂಬಿ, ಒಂದೊಂದರಲ್ಲಿ ಒಂದೊಂದು ತೆನೆಯ ಕಾಳು ಹಾಕಿದೆವು. ಯಾವ ಡಬ್ಬಿಗೆ ಯಾವ ತೆನೆ ಅಂತ ತಪ್ಪಬಾರದೆಂದು ತೆನೆಯನ್ನು ಆಯಾ ಡಬ್ಬಿಯ ಹಿಂದೆಯೇ ಗೋಡೆಗೆ ಆನಿಸಿಟ್ಟೆ. ಮೊಳಕೆ ಬಂದವು. ಅರ್ಧಕ್ಕಿಂತ ಹೆಚ್ಚು ಡಬ್ಬಿಗಳಲ್ಲಿ ಹಸಿರಿನ ನಡುವೆ ಬಿಳಿ.

ನಾನು ಒಂದೊಂದೇ ತೆನೆ ಎತ್ತಿ ಬುಟ್ಟಿಗೆ ಒಗೆದೆ. ದೊಡ್ಡಕ್ಕ ಬುಟ್ಟಿಯೊಳಗೆ ಕೈ ಹಾಕಿ ಒಂದು ತೆನೆ ಹೊರತೆಗೆದಳು. ದಪ್ಪ ತೆನೆ, ತುದಿತನಕ ಕಾಳು.

"ಇದು ಕೆಳಗಿನ ಮೂಲಿ ಗಿಡದ್ದು. ಆ ಗಾಳಿ ಬಂತಲ್ಲ, ಎಲ್ಲಾ ಮಲಗಿದಾಗ ಇದೊಂದ ನಿಂತಿತ್ತು" ಅಂದಳು.

"ನಿಂತರೇನಾತು ಯಕ್ಕಾ, ಒಳಗ ಬಿಳೀದೈತಿ" ಅಂದೆ.

"ಇದನ್ನೊಂದ ಇಡೂನು."

"ಒಂದ ಹರಳ ಇರ್ಲಿ ಅಂತ ಅನ್ನದಾಗ ಬಿಡ್ತಿಯೇನ?"

ಆಕೆ ತೆನೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನಾನೇ ಕೈಯಿಂದ ಇಸಿದುಕೊಂಡು ಬುಟ್ಟಿಗೆ ಹಾಕಿದೆ. ಬುಟ್ಟಿಯಲ್ಲಿದ್ದುದನ್ನೆಲ್ಲ ಬೀಸಿ ನುಚ್ಚು ಮಾಡಿ ಎರಡೂ ಮನೆಯವರು ಉಂಡೆವು. ರುಚಿಯಾಗಿತ್ತು... ಆ ನುಚ್ಚಿನ ರುಚಿ ನಾನು ಮರೆಯಬೇಕೆಂದರೂ ಮರೆಯುವುದಿಲ್ಲ.

ಬೀಜಕ್ಕೆ ಉಳಿದದ್ದು ನನ್ನ ಎರಡು ಕೈಯಲ್ಲಿ ಹಿಡಿಯುವಷ್ಟು ತೆನೆ. ಎಷ್ಟು ಹಸನ ಆಯಿತು ನೋಡು ಅಂತ ಹಿಗ್ಗಿದೆ. ಎಷ್ಟು ಕಡಿಮೆ ಉಳಿಯಿತು ನೋಡು ಅಂತ ನನಗೆ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡಕ್ಕನ ಗಂಡ ತೀರಿಕೊಂಡ. ಜ್ವರ ಅಂತ ಮಲಗಿದವನು ಏಳಲಿಲ್ಲ.

ಜೂನ್ ಬಂತು, ಮಣ್ಣು ಹದವಾಯಿತು. ನಮ್ಮ ಕಡೆ ಬಿತ್ತನೆಗೆ ಮೊದಲ ಕಾಳು ಮುತ್ತೈದೆಯ ಕೈಯಿಂದ ಬೀಳಬೇಕು. ಇಷ್ಟು ವರ್ಷ ಆಕೆಯೇ ಹಾಕಿದ್ದಳು. ಈ ಸಲ ಕಾಳಿನ ಬಟ್ಟಲು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಬೋಳು ಹಣೆ. "ನಿನ್ನ ಹಣ್ಯಾಗ ಕುಂಕುಮ ಐತಿ. ನೀ ಹಾಕಿಕೊಡು" ಅಂದಳು.

ನಾನು ಹೋಗಿ ಹಾಕಬಹುದಿತ್ತು. ಎಷ್ಟು ಹೊತ್ತಿನ ಕೆಲಸ ಅದು. ಆದರೆ ನನ್ನ ಬಾಯಿ ಕೇಳಬೇಕಲ್ಲ. "ಮಣ್ಣಿಗೇನ ಗೊತ್ತಾಗ್ತೈತಿ ಕುಂಕುಮ? ನಿನ್ನ ಬೀಜ, ನಿನ್ನ ಹೊಲ. ನೀನೇ ಹಾಕು" ಅಂದುಬಿಟ್ಟೆ. ಆಕೆಗೆ ಒಳ್ಳೆಯದೇ ಬಯಸಿ ಅಂದೆ. ಚಾಳಿನವರೆಲ್ಲ ಹೊರಗೆ ನಿಂತು ನೋಡುತ್ತಿದ್ದರು. ಆಕೆ ಒಬ್ಬಳೇ ಗುಡ್ಡದ ಓರೆಗೆ ಹೋಗಿ ಬಗ್ಗಿ ಕಾಳು ಹಾಕಿದಳು.

ಮೊಳಕೆ ಎದ್ದವು. ಒಂದೂ ಬಿಳಿ ಇಲ್ಲ. ಈ ತುದಿಯಿಂದ ಆ ತುದಿಗೆ ಬಗ್ಗಿಕೊಂಡೇ ನೋಡುತ್ತ ಹೋದೆವು, ಬರೀ ಹಸಿರು. ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು, "ಏನ ಹಸನ ಮಾಡೀಯವ್ವಾ" ಅಂದಳು. ಗಂಡ ಸತ್ತ ಮೇಲೆ ಆಕೆಯ ಮುಖದಲ್ಲಿ ನಗು ಕಂಡದ್ದು ಅವತ್ತು.

ಗಿಡ ಮೇಲೇಳಲಿಲ್ಲ. ನನ್ನ ಸೊಂಟದೆತ್ತರಕ್ಕೆ ನಿಂತುಬಿಟ್ಟವು. ದಂಟು ಬೆರಳು ದಪ್ಪ. ಸೂಲಂಗಿ ಮೊದಲೇ ಬಂದು ಹುಡಿ ಉದುರಿಸಿ ಒಣಗಿತು, ತೆನೆಗೆ ಕೂದಲು ಬಂದದ್ದು ಆಮೇಲೆ. ಬಂದ ತೆನೆ ಅಂಗೈ ಉದ್ದ, ಅದರಲ್ಲಿಯೂ ಅಲ್ಲೊಂದು ಕಾಳು ಇಲ್ಲೊಂದು ಕಾಳು. ಚೌತಿಯ ಮುಂಚಿನ ಮಳೆಗೆ ಹೊಲ ಪೂರಾ ನೆಲಕ್ಕೆ ಬಿತ್ತು. ಮಾಟೊಳಿಗೆ ತೆನೆ ಕೇಳಲು ಬಂದವರು ನೋಡಿ ಬರಿಗೈಯಲ್ಲಿ ಹೋ‌ದರು. ಸಿಕ್ಕಷ್ಟು ಕಾಳು ಆರಿಸಿ ಮರುವರ್ಷ ಹಾಕಿದಳು, ಅದು ಇನ್ನೂ ಕಡೆ. ಅಲ್ಲಿಗೆ ಮುಗಿಯಿತು. ಊರಿನಿಂದ ಬೀಜ ತರಿಸಿದರೆ ಆಗುತ್ತಿರಲಿಲ್ಲವೇ ಅಂತ ಕೇಳುವವರಿದ್ದಾರೆ. ತರಿಸಿದೆವು. ಆಕೆ ಮದುವೆಯಾಗಿ ಬಂದ ವರ್ಷ ಕೊಳೆತಂತೆ ಅದೂ ಕೊಳೆಯಿತು.

ಚಾಳಿನಲ್ಲಿ ಮಾತು ಎದ್ದಿತ್ತು. ಕುಂಕುಮ ಅಳಿಸಿದ ಕೈ ಬೀಜ ಮುಟ್ಟಿತು, ಇನ್ನೇನಾಗುತ್ತದೆ ಅಂತ. ಎದುರಿಗೆ ಅನ್ನುವವರೂ ಇದ್ದರು, ಆಕೆ ನೀರಿಗೆ ನಿಂತಾಗ ಕೊಡ ಸರಿಸಿಕೊಳ್ಳುವವರೂ ಇದ್ದರು.

ನಾನು ಸರ್ ಹತ್ತಿರ ಹೋದೆ. ಹೀಗೆ ಹೀಗೆ ಆಗಿದೆ ಅಂದೆ. ಅವರು ಪೂರ್ತಿ ಕೇಳಿ, "ಎಷ್ಟ ತೆನಿ ಇಟ್ಟಕೊಂಡ್ರಿ ಅಕ್ಕಾರ?" ಅಂದರು. ಎರಡು ಕೈ ಚಾಚಿ ತೋರಿಸಿದೆ. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ನಾವಿಲ್ಲಿ ಇಡೀ ಹೊಲದಾಗ ಚೀಲಾ ಕಟ್ಟೋದು ಯಾಕಂತ ತಿಳಿದಿದ್ರಿ?"

"ಹೊಲ ಐತಿ ಅಂತ ಕಟ್ಟತೀರಿ ಅಂದ್ಕೊಂಡಿದ್ನ್ರಿ."

ಅವರು ಬೈಯಲಿಲ್ಲ. ಒಳಗೆ ಅಡಗಿರುವುದು ಬಿಳಿಯ ಗುಣ ಒಂದೇ ಅಲ್ಲ ಅಂದರು. ಮಳೆ ತಡೆಯುವುದು, ಗಾಳಿಗೆ ನಿಲ್ಲುವುದು, ಕಾಳು ತುಂಬುವುದು, ಎಲ್ಲ ಬೇರೆ ಬೇರೆ ತೆನೆಗಳಲ್ಲಿ ಹಂಚಿಕೊಂಡಿರುತ್ತದಂತೆ. ಕೆಡುಕು ಕಂಡ ತೆನೆಯನ್ನೆಲ್ಲ ಒಗೆದು ಹಿಡಿಯಷ್ಟು ಉಳಿಸಿಕೊಂಡರೆ ಅದರ ಜೊತೆಗಿದ್ದ ಒಳ್ಳೆಯದೂ ಹೋಯಿತು. ಅದರ ಮೇಲೆ, ಉಳಿದ ನಾಲ್ಕೇ ತೆನೆಯ ಮಕ್ಕಳು ತಮ್ಮತಮ್ಮಲ್ಲೇ ಕೂಡಬೇಕು. ಗಿಡ ಸೊರಗುತ್ತದೆ. ಫಾರ್ಮಿನಲ್ಲಿ ರಾಶಿ ರಾಶಿ ತೆನೆಯಿಂದ ಶುರು ಮಾಡುವುದು ಅದಕ್ಕೇ, ಒಗೆದ ಮೇಲೂ ಸಾಕಷ್ಟು ಉಳಿಯಲಿ ಅಂತ.

"ಒಗೆದ ತೆನಿ ಅದಾವೇನ್ರಿ? ಇದ್ರ ಏನರ ಮಾಡಬಹುದು" ಅಂದರು.

"ಉಂಡಿವ್ರಿ" ಅಂದೆ.

ಪೆನ್ನು ಮತ್ತೆ ಕೈಗೆತ್ತಿಕೊಂಡು, "ಅವತ್ತ ಚೀಲಾ ಕೊಡೂ ಮುಂದ ನಾನೂ ಒಂದ ಮಾತ ಕೇಳಬೇಕಿತ್ತು" ಅಂದರು. ಒಳ್ಳೆಯ ಮನುಷ್ಯ. ಆದರೆ ಕೇಳದೆ ಮಾಡಿದವಳು ನಾನು.

ಫಾರ್ಮಿನಿಂದ ನೇರ ದೊಡ್ಡಕ್ಕನ ಮನೆಗೆ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ನಿನ್ನ ಕೈಯಿಂದಲ್ಲ ಯಕ್ಕಾ, ನನ್ನ ಕೈಯಿಂದ ಅಂತ ಎಲ್ಲ ಹೇಳಿದೆ. ಸರ್ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳಿದೆ. ಆ ಮೂಲೆಯ ಗಿಡದ ತೆನೆಯ ಮಾತೂ ತೆಗೆದೆ. ಆಕೆ ಬಡಿಯುವುದು ನಿಲ್ಲಿಸಲಿಲ್ಲ.

"ನೀ ಹಸನ ಮಾಡಿದ್ದು ಬಿಳೀದಕ್ಕ. ಬಿಳೀದ ಬಂತೇನ?" ಅಂದಳು.

"ಇಲ್ಲ."

"ಎಲ್ಲಾ ಹಸರ ಬಂದಿತ್ತೋ ಇಲ್ಲೋ?"

"ಬಂದಿತ್ತು."

"ಅಂದ್ರ ನಿನ್ನ ಕೆಲಸ ನೆಟ್ಟಗ ಆಗಿತ್ತು. ಆಮ್ಯಾಲ ಕೆಟ್ಟದ್ದು ನನ್ನ ಕೈಯಿಂದ. ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ, ತಂಗಿ."

ಸುಳ್ಳಲ್ಲ ಅಂದೆ. ಜಗಳವಾಡಿದೆ, ಕೂಗಾಡಿದೆ. ಆಕೆ ತಾಟಿನಲ್ಲಿ ಬಿಸಿ ರೊಟ್ಟಿ ಹಾಕಿ ಮುಂದಿಟ್ಟಳು. ಬೈದಿದ್ದರೆ ಬೈಸಿಕೊಂಡು ಹೊರಗೆ ಬರುತ್ತಿದ್ದೆ. ಆಕೆ ಆ ತಪ್ಪನ್ನು ನನ್ನ ಕೈಗೆ ಕೊಡಲೇ ಇಲ್ಲ, ತಾನೇ ಇಟ್ಟುಕೊಂಡಳು.

ಆಮೇಲೆ ಆಕೆ ಬೀಜ ಮುಟ್ಟಲಿಲ್ಲ. ಹಿತ್ತಲಿಗೆ ಒಂದು ಮೆಣಸಿನ ಸಸಿ ಸಹ ಹಚ್ಚಲಿಲ್ಲ. ಭಾಟ್ಕಾರ ಆ ಜಾಗಕ್ಕೆ ಗೋಡಂಬಿ ಹಚ್ಚಿಸಿದ. ಸುಡಲು ತೆನೆ ಇಲ್ಲ, ಮನೆ ನಡೆಯಲಿಲ್ಲ, ಆಕೆ ಸಾಂಗೆ ಬಿಟ್ಟು ಮಂಗೋರ್ ಹಿಲ್‌ನ ಮಗಳ ಮನೆ ಸೇರಿದಳು. ಅಲ್ಲಿ ಎಲ್ಲಿಯ ಮಣ್ಣು, ಬಾಗಿಲು ತೆರೆದರೆ ಎದುರಿನವರ ಬಾಗಿಲು. ನಾನು ಹೋದಾಗಲೆಲ್ಲ ಆ ಮಾತು ತೆಗೆಯುತ್ತಿದ್ದೆ. "ಚಾ ಆರತೈತಿ, ಕುಡಿ" ಅನ್ನುತ್ತಿದ್ದಳು. ಕೊನೆಯ ಸಲ ಹೋದಾಗ ಆಕೆಯ ಮಾತೇ ನಿಂತಿತ್ತು. ನಾನು ಕೈ ಹಿಡಿದುಕೊಂಡು ಹೇಳಿದೆ. ಕೇಳಿಸಿತೋ ಇಲ್ಲವೋ... ಆಕೆ ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದೆ. ಅತ್ತವರು ಅತ್ತರು, ನನಗೆ ಅಳು ಬರಲಿಲ್ಲ. ಅಳುವ ಹಕ್ಕು ನನಗಿಲ್ಲ ಅನಿಸಿತು, ಅಷ್ಟೆ.

ಈಗ ಹೋದ ವಾರದ ಮಾತಿಗೆ ಬರುತ್ತೇನೆ. ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆ, ಹಸಿರು ಬಳೆ, ಹುಡುಗಿ ಅಜ್ಜಿಯಷ್ಟೇ ಎತ್ತರ. ಮುತ್ತೈದೆಯರು ಸಾಲಾಗಿ ಬಂದು ಅಕ್ಕಿ, ಕಾಯಿ, ಬಾಳೆಹಣ್ಣು ಉಡಿ ತುಂಬಿದರು. ನಾನು ಮೂಲೆಯ ಖುರ್ಚಿಯಲ್ಲಿ ಕುಳಿತಿದ್ದೆ. ನನ್ನ ಗಂಡನೂ ಹೋಗಿ ವರ್ಷಗಳಾದವು. ಕರೆಯುವ ರೂಢಿಯಿಲ್ಲ, ಕರೆಯಲಿಲ್ಲ, ನಾನೂ ಏಳಲಿಲ್ಲ. ಆಮೇಲೆ ನೋಡುತ್ತೇನೆ, ಹುಡುಗಿಯ ತಾಯಿ ಕಾಣುತ್ತಿಲ್ಲ. ದೊಡ್ಡಕ್ಕನ ಮಗಳು. ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

ಒಳಗೆ ಹೋಗಿ, "ನಿನ್ನ ಮಗಳು, ನೀ ತುಂಬೂದಿಲ್ಲೇನ?" ಅಂದೆ.

"ಬ್ಯಾಡ್ರಿ ಚಿಗವ್ವ. ನಮ್ಮವ್ವನ ಕೈಯಿಂದ ಬೀಜಾ ಕೆಟ್ಟದ್ದು ನೀವ ಕಣ್ಣಾರೆ ನೋಡೀರಿ. ಇಕಿ ಹೊಟ್ಟ್ಯಾಗ ಕೂಸೈತಿ" ಅಂದಳು.

ದೊಡ್ಡಕ್ಕ ಹೋದಳು, ಬೀಜ ಹೋಯಿತು, ನಾನು ಮಾಡಿದ್ದು ಮಾತ್ರ ಇನ್ನೂ ಆ ಮನೆಯಲ್ಲಿ ಉಳಿದು ಸಾಕ್ಷಿ ಹೇಳುತ್ತಿದೆ. ಮತ್ತೆ ಎಲ್ಲ ಬಿಡಿಸಿ ಹೇಳಿದೆ. ಚೀಲ, ಡಬ್ಬಿ, ಒಗೆದ ತೆನೆ, ಸರ್ ಹೇಳಿದ್ದು. ಆಕೆ ತಲೆಯಾಡಿಸುತ್ತ ಕೇಳಿದಳು. ಕೇಳಿ, "ಅವ್ವ ಸಾಯೂ ತನಕಾ ಅಂತಿದ್ಲು, ನಿಮ್ಮ ಚಿಗವ್ವ ನನಗ ಸಮಾಧಾನ ಆಗ್ಲಿ ಅಂತ ಏನೇನೋ ಹೇಳ್ತಾಳ ಅಂತ" ಅಂದು, ಪಾತ್ರೆ ತೊಳೆಯಲು ಕುಳಿತಳು.

ಅವತ್ತು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದು, ಸ್ಟೀಲಿನ ತಾಟಿನಲ್ಲಿ ಅಕ್ಕಿ ಹಾಕಿಕೊಂಡೆ. ಮೇಲೊಂದು ತೆಂಗಿನಕಾಯಿ. ಹುಡುಗಿ ನೈಟಿಯಲ್ಲಿ ಆಕಳಿಸುತ್ತ ಬಂದಳು. ಚಾಪೆ ಹಾಸಿ ಕೂರಿಸಿ, ವೇಲನ್ನು ಮಡಿಲಿಗೆ ಹರವಿದೆ.

"ನಿನ್ನೆ ತುಂಬ್ಯಾರಲ್ಲ ಆಯೀ" ಅಂದಳು.

"ಸುಮ್ಮನ ಕೂಡು" ಅಂದು ಮೊದಲು ನಾನೇ ತುಂಬಿದೆ. ಬೊಗಸೆ ತುಂಬ ಅಕ್ಕಿ ಹಾಕಿ ಕಾಯಿ ಇಟ್ಟೆ. ಆಮೇಲೆ ಆಕೆಯ ತಾಯಿಯನ್ನು ಕೂಗಿದೆ. ಆಕೆ ಮೋರಿಯ ಹತ್ತಿರದಿಂದ ಎದ್ದು ಬಂದು ಅಲ್ಲೇ ನಿಂತಳು.

"ಮುಂಜಾನೆದ್ದು ಏನ ಹಚ್ಚೀರಿ ಚಿಗವ್ವ?"

"ಬಾ, ತುಂಬು."

"ಏನರ ಆದ್ರ?"

"ಆದ್ರ ನನ್ನ ಹೆಸರ ಹೇಳು. ನಿಮ್ಮವ್ವ ಹೇಳಲಿಲ್ಲ, ನೀನರ ಹೇಳು."

"ಅವ್ವಾ, ಕಾಲ ಜುಮು ಹಿಡದಾವ, ಲಗೂನ ಬಾ" ಅಂದಳು ಹುಡುಗಿ.

ನಾನು ತಾಟನ್ನು ತಾಯಿಯ ಕಡೆಗೆ ಸರಿಸಿ ಅಲ್ಲೇ ಕುಳಿತೆ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.